ಕಲೆಕ್ಷನ್ ರಾಯರು

ಪ್ರತಿ ಬಡಾವಣೆಯ ಟೀ ಅಂಗಡಿಗೂ ಈಗ ಒಬ್ಬ ಕಲೆಕ್ಷನ್ ರಾಯರಿದ್ದಾರೆ. ಹಿಂದೆ ಆ ಬೆಂಚಿನ ಮೇಲೆ ಕ್ರಿಕೆಟ್ ಪಂಡಿತರು ಕೂರುತ್ತಿದ್ದರು. ರಾಯರನ್ನು ಸಿನಿಮಾ ಹೇಗಿದೆ ಅಂತ ಮಾತ್ರ ಕೇಳಬೇಡಿ. "ಓಪನಿಂಗ್ ಪರವಾಗಿಲ್ಲ, ಸೋಮವಾರದ ಡ್ರಾಪ್ ನೋಡ್ಬೇಕು" ಅಂತಾರೆ. ಕತೆ ಏನು ಅಂದರೆ, "ಹಿಂದಿ ಬೆಲ್ಟ್‌ನಲ್ಲಿ ಪಿಕಪ್ ಆಗಿದೆ." ನಾಯಕಿ ಯಾರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ; ಓವರ್‌ಸೀಸ್ ಹಕ್ಕು ಯಾರ ಕೈಲಿದೆ ಅಂದರೆ ನಿದ್ದೆಯಲ್ಲೂ ಹೇಳುತ್ತಾರೆ.

ಅವರ ಶಕೆ ಆರಂಭವಾದದ್ದು 2018ರ ಡಿಸೆಂಬರ್ 21ರಂದು, ಕೆಜಿಎಫ್ ಮೊದಲ ಭಾಗ ತೆರೆಕಂಡ ದಿನ. ಅದಕ್ಕೂ ಮುಂಚಿನ ಪಂಚಾಂಗದಲ್ಲಿ ಇದ್ದದ್ದು ಬರೀ ದಿನಗಳು: ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. 1972ರ 'ಬಂಗಾರದ ಮನುಷ್ಯ' ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದನ್ನು ರಾಯರ ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದರು. ಎಷ್ಟು ದುಡ್ಡು ಬಂತು ಅಂತ ಅವರೂ ಕೇಳಿರಲಿಲ್ಲ, ಅವರನ್ನೂ ಯಾರೂ ಕೇಳಿರಲಿಲ್ಲ. ಮಗನಿಗೆ ದಿನ ಕಟ್ಟಿಕೊಂಡು ಏನಾಗಬೇಕು? ದೇಶದ ಸಾವಿರಾರು ಪರದೆಗಳ ಮೇಲೆ ಒಂದೇ ದಿನ ಇಳಿಯುವ ಸಿನಿಮಾ ಮೂರ್ನಾಲ್ಕು ವಾರದಲ್ಲಿ ಬಾಚಿದಷ್ಟು ಬಾಚಿಕೊಂಡು ಓಟಿಟಿಗೆ ಹೊರಟುಬಿಡುತ್ತದೆ. ಹಾಗಾಗಿ ಕೋಟಿ. 2022ರಲ್ಲಿ ಕೆಜಿಎಫ್ ಎರಡನೇ ಭಾಗ ಸಾವಿರ ಕೋಟಿ ದಾಟಿದಾಗ ರಾಯರು ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದರು. ಲೆಕ್ಕ ಬರೆಸಿದ್ದು ನನ್ನ ಹೆಸರಿಗೆ.

ಒಮ್ಮೆ ಹಳೆಯ ಥಿಯೇಟರ್ ಮ್ಯಾನೇಜರೊಬ್ಬರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ಸ್ವಾಮಿ, 236 ರೂಪಾಯಿ ಟಿಕೆಟ್ಟಲ್ಲಿ 36 ಜಿಎಸ್‌ಟಿಗೆ ಹೋಯ್ತು. ಉಳಿದ 200ರಲ್ಲಿ ಮಲ್ಟಿಪ್ಲೆಕ್ಸ್‌ನವರು ಮೊದಲ ವಾರ ಹೆಚ್ಚುಕಡಿಮೆ ಅರ್ಧ ಇಟ್ಕೋತಾರೆ, ವಾರ ಕಳೆದ ಹಾಗೆ ಅವರ ಪಾಲು ಬೆಳೆಯುತ್ತೆ. ಸಿಂಗಲ್ ಸ್ಕ್ರೀನ್ ಆದ್ರೆ ಜನ ಬರಲಿ ಬಿಡಲಿ ವಾರದ ಬಾಡಿಗೆ ಎಣಿಸ್ಬೇಕು. ಮಿಕ್ಕಿದ್ದರಲ್ಲಿ ವಿತರಕರ ಕಮಿಷನ್, ಪ್ರಚಾರ. ಇಷ್ಟೆಲ್ಲ ಮುಗಿದ ಮೇಲೆ ನಿರ್ಮಾಪಕ ಫೈನಾನ್ಸಿಯರ್ ಬಡ್ಡಿ ಕಟ್ಟೋಕೆ ಶುರುಮಾಡ್ತಾನೆ."

"ಮತ್ತೆ ಪೋಸ್ಟರ್ ಮೇಲಿರೋ ಕೋಟಿ?"

"ಅದು ಗ್ರಾಸ್. ಪೋಸ್ಟರಿಗೆ ಆಡಿಟರ್ ಸಹಿ ಬೇಕಿಲ್ಲ."

ರಾಯರು ಒಂದು ಗುಟುಕು ಟೀ ಕುಡಿದರು. "ಆದರೂ ಗ್ರಾಸ್ ಗ್ರಾಸೇ" ಅಂದರು.

ಅವರ ನಿಜವಾದ ಪ್ರತಿಭೆ ಹೊಳೆಯುವುದು ತ್ರೈರಾಶಿಯಲ್ಲಿ. 'ಕಾಂತಾರ'ಕ್ಕೆ ಆದ ಖರ್ಚು ಸುಮಾರು 16 ಕೋಟಿ, ಗಳಿಕೆ ಸುಮಾರು 400 ಕೋಟಿ ಅಂತ ಪತ್ರಿಕೆಗಳು ಬರೆದವು. ನಮ್ಮಂಥವರು ಕತೆ ಗಟ್ಟಿಯಿತ್ತು, ನಮ್ಮ ಮಣ್ಣಿನದಾಗಿತ್ತು ಅಂದುಕೊಂಡೆವು. ರಾಯರು ಅಂದದ್ದು: "16 ಹಾಕಿದ್ರೆ 400. ಅಂದ್ರೆ 160 ಹಾಕಿದ್ರೆ 4,000!" ನಗಬೇಡಿ. ಈ ತ್ರೈರಾಶಿಯನ್ನು ನಂಬಿದವರು ಗಾಂಧಿನಗರದಲ್ಲೂ ಇದ್ದಾರೆ. ಸೈಟು ಮಾರಿ ಬಂದವರು, ಕತೆ ಕೇಳುವ ಮುಂಚೆ ಐದು ಭಾಷೆಯಲ್ಲಿ ಟೈಟಲ್ ಬರೆಸುವವರು. ಕೊರೊನಾ ಕಾಲದಲ್ಲಿ ಉದಾರವಾಗಿ ಕೊಳ್ಳುತ್ತಿದ್ದ ಓಟಿಟಿಯವರು ಈಗ "ಮೊದಲು ಥಿಯೇಟರಲ್ಲಿ ಓಡಲಿ, ಆಮೇಲೆ ನೋಡೋಣ" ಅನ್ನುತ್ತಾರೆ. ಆ "ನೋಡೋಣ"ದಲ್ಲೇ ಎಷ್ಟೋ ಸೈಟುಗಳು ಕರಗಿವೆ.

ವರ್ಷಕ್ಕೆ ಬಿಡುಗಡೆಯಾಗುವ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳಲ್ಲಿ ರಾಯರ ಬಾಯಿಗೆ ಬರುವುದು ನಾಲ್ಕೋ ಐದೋ. ಉಳಿದವುಗಳ ಬಗ್ಗೆ ಕೇಳಿದರೆ "ಅವಕ್ಕೆ ಟ್ರ್ಯಾಕಿಂಗ್ ಇಲ್ಲ" ಅಂತ ಮುಖ ತಿರುಗಿಸುತ್ತಾರೆ. ಅವುಗಳಲ್ಲಿ ಎರಡು ಮೂರು ನಿಜಕ್ಕೂ ಚೆನ್ನಾಗಿರುತ್ತವೆ, ಗುರುವಾರದೊಳಗೆ ಎತ್ತಂಗಡಿಯೂ ಆಗಿರುತ್ತವೆ. ರಾಯರಿಗೆ ಅದು ತಿಳಿಯುವುದಾದರೂ ಹೇಗೆ? ಅವರು ಥಿಯೇಟರಿಗೆ ಹೋಗುವುದಿಲ್ಲ. ಕೆಜಿಎಫ್ ಎರಡನ್ನು ನೋಡಿದ್ದು ಕೂಡ ಟಿವಿಯಲ್ಲಿ, ಜಾಹೀರಾತುಗಳ ನಡುವೆ. ಆ ಸಾವಿರ ಕೋಟಿಯಲ್ಲಿ ರಾಯರದ್ದು ಅಂತ ಒಂದು ಟಿಕೆಟ್ಟೂ ಇಲ್ಲ.