ಟರ್ಬೊ ತಣ್ಣಗಾಗಲಿ

ಗಾಡಿ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಬಾನೆಟ್ ಎತ್ತುವುದು ಹೇಗೆಂದು ಕೊನೆತನಕ ತಿಳಿಯದೆ ಸುಖವಾಗಿ ಓಡಾಡಿಕೊಂಡಿರುವವರದು ಒಂದು. ಎತ್ತಿದ ಬಾನೆಟ್ ಇಳಿಸಲು ಮನಸ್ಸೇ ಬಾರದವರದು ಇನ್ನೊಂದು. ಎರಡನೆಯ ಪಂಗಡ ಸಣ್ಣದು, ಆದರೆ ಹೋಬಳಿಗೊಬ್ಬರಾದರೂ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಮದುವೆ ಪಂಕ್ತಿಯಲ್ಲಿ ರೇಷ್ಮೆ ಪಂಚೆ ಉಟ್ಟು ಕೂತಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಇರುತ್ತದೆ. ನೀವು ಮಗಳ ಪಿಯುಸಿ ಅಂಕ ಹೇಳುತ್ತಿರುವಾಗ ಅವರ ಕಿವಿ ರಸ್ತೆಯಲ್ಲಿ ಹೋಗುವ ಲಾರಿಯ ಬೆನ್ನು ಹತ್ತಿರುತ್ತದೆ. “ಇಂಜೆಕ್ಟರ್ ಹೋಗೈತೆ ಪಾಪ” ಎಂದು ನಿಟ್ಟುಸಿರು ಬಿಡುತ್ತಾರೆ. ಹೆಣ್ಣು ಕೇಳಲು ಬಂದ ಗಂಡಿನ ಬಗ್ಗೆ ಅಭಿಪ್ರಾಯ ಕೇಳಿ ನೋಡಿ: “ಹುಡುಗ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸ್ತಾನೆ. ಬ್ಯಾಡ.”

ಈ ಕೊನೆಯ ಮಾತು ನಿಜವಾಗಿಯೂ ನಮ್ಮ ಮನೆಯಲ್ಲಿ ಬಂದದ್ದು. ಹೇಳಿದವರು ನನ್ನ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಆದ್ದರಿಂದ ನನಗೆ ‘ಅಣ್ಣ’. ಆ ಸಂಬಂಧ ಅಷ್ಟಕ್ಕೇ ಮುರಿಯಿತು. ಆಮೇಲೆ ಆ ಹುಡುಗ ಹೊಸ ಕಾರಿನ ಕ್ಲಚ್ ಪ್ಲೇಟ್ ಸುಟ್ಟುಕೊಂಡ ಸುದ್ದಿ ಬಂದಾಗ ಅಣ್ಣ ಊರೆಲ್ಲ ಪೇಡೆ ಹಂಚುವುದೊಂದು ಬಾಕಿ.

ಅಣ್ಣ ಇರುವುದು ಕಾನಹೊಸಹಳ್ಳಿಯಲ್ಲಿ, ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ. ಮೊದಲು 13 ಎನ್ನುತ್ತಿದ್ದ ಆ ಹೆದ್ದಾರಿಗೆ ಈಗ 50 ಎನ್ನುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಬದಲಾದರೂ ಅಣ್ಣನ ಮನೆಯಂಗಳದ ಸ್ಥಿತಿ ಬದಲಾಗಿಲ್ಲ: ಬೇವಿನ ಮರದ ಕೊಂಬೆಗೆ ಚೈನ್ ಪುಲ್ಲಿ, ಅದರ ತುದಿಗೆ ಎಂಜಿನ್, ಪಕ್ಕದಲ್ಲಿ ಹೊಟ್ಟೆ ಖಾಲಿಯಾದ ಟಾಟಾ ಸಫಾರಿ. 1998ರಲ್ಲಿ ಸಫಾರಿ ಮೊದಲು ಬಂತಲ್ಲ, ಆ ಕಾಲದ ಮಾದರಿ. ಡೀಸೆಲ್, ಟರ್ಬೊ, ಫೋರ್ ವೀಲ್ ಡ್ರೈವ್. ಬರಗಾಲಕ್ಕೆ ಹೆಸರಾದ ಕೂಡ್ಲಿಗಿ ತಾಲೂಕಿನಲ್ಲಿ, ಕೆಸರು ಕಂಡರೆ ಜನ ಕೈಮುಗಿಯುವ ಸೀಮೆಯಲ್ಲಿ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಯಾಕೆ ಎಂದು ಒಮ್ಮೆ ಕೇಳಿದ್ದೆ. “ಮಳೆ ಬಂದ್ರೆ?” ಎಂದರು. ರೈತನೂ ಇಷ್ಟು ಆಸೆ ಇಟ್ಟುಕೊಂಡಿರುವುದಿಲ್ಲ.

ಗಾಡಿ ಓಡುವ ಸ್ಥಿತಿಯಲ್ಲಿದ್ದಾಗಲೂ ಅಣ್ಣನ ಜೊತೆ ಹೋಗುವುದು ಸುಲಭವಲ್ಲ. ತಲುಪುವುದು ಬೇರೆ, ಇಳಿಯುವುದು ಬೇರೆ. ಟರ್ಬೊ ಒಳಗಿನ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ, ಎಂಜಿನ್ ಆಯಿಲ್‌ನ ಪದರದ ಮೇಲೆ ತೇಲುತ್ತ. ಓಡಿ ಬಂದ ಗಾಡಿಯನ್ನು ತಟ್ಟನೆ ಆಫ್ ಮಾಡಿದರೆ ಆಯಿಲ್ ಬರುವುದು ನಿಂತು, ಒಳಗುಳಿದದ್ದು ಆ ಶಾಖಕ್ಕೆ ಕರಿಕಟ್ಟಿ ಬೇರಿಂಗ್ ಹಾಳಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಡಬೇಕು. ಶಾಸ್ತ್ರ ಸರಿಯೇ. ಆದರೆ ಹರಪನಹಳ್ಳಿಯಲ್ಲಿ ಬಳಗದ ಹಿರಿಯರೊಬ್ಬರು ತೀರಿಕೊಂಡಾಗ ನಾವು ಹೋಗಿ ಇಳಿಯುವ ಹೊತ್ತಿಗೆ ಮನೆ ಮುಂದೆ ಹೆಣ ಎತ್ತುವ ಸಿದ್ಧತೆ ನಡೆದಿತ್ತು. ಹೆಂಗಸರು ಗಾಡಿ ನೋಡಿ ಅಳು ಜೋರು ಮಾಡಿದರು. ಬಾಗಿಲು ತೆಗೆಯಲು ಹೋದ ನನ್ನ ಕೈ ಹಿಡಿದು ಅಣ್ಣ, “ತಡಿ ತಮ್ಮಾ, ಟರ್ಬೊ ತಣ್ಣಗಾಗ್ಲಿ” ಎಂದರು. ಗಡಗಡ ಎನ್ನುವ ಗಾಡಿಯೊಳಗೆ ನಾವಿಬ್ಬರೂ ಮುಂದೆ ನೋಡುತ್ತ ಕೂತೆವು. ಹೊರಗಿನವರಿಗೆ ನಾವು ದುಃಖ ತಡೆಯಲಾರದೆ ಇಳಿಯುತ್ತಿಲ್ಲ ಎನ್ನಿಸಿರಬೇಕು. ಯಾರೋ ಬಂದು ಕಿಟಕಿಯಲ್ಲಿ ಕೈ ಹಾಕಿ ಅಣ್ಣನ ಬೆನ್ನು ಸವರಿದರು.

ಟರ್ಬೊ ಒಂದೇ ಇದ್ದಿದ್ದರೆ ಹೇಗೋ ಬದುಕಬಹುದಿತ್ತು. ಸೂಪರ್‌ಚಾರ್ಜರ್ ಹೊಕ್ಕಿದ್ದು ಆಮೇಲೆ. ಅದರ ಬಗ್ಗೆ ಅಣ್ಣ ಮಾಡುವ ಪಾಠ ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ: ಎಂಜಿನ್ ಎಂದರೆ ಗಾಳಿಯ ಹೊಟ್ಟೆಬಾಕ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಶಕ್ತಿ. ಕುಲುಮೆಯ ಮುಂದೆ ತಿದಿ ಒತ್ತುವುದೂ ಇದಕ್ಕೇ. ಟರ್ಬೊ ತಿರುಗುವುದು ಹೊಗೆಯ ರಭಸದಿಂದ. ಹೊಗೆ ಸಾಲದಿದ್ದರೆ ಅದಕ್ಕೆ ನಿದ್ದೆ. ಸೂಪರ್‌ಚಾರ್ಜರನ್ನು ಕ್ರ್ಯಾಂಕ್‌ನಿಂದಲೇ ಬೆಲ್ಟ್ ಹಾಕಿ ತಿರುಗಿಸುತ್ತಾರೆ. ಎಂಜಿನ್ ಎದ್ದ ಗಳಿಗೆಯಿಂದ ಅದು ಎದ್ದಿರುತ್ತದೆ. ಬದಲಿಗೆ ಎಂಜಿನ್ ಶಕ್ತಿಯಲ್ಲೇ ಸ್ವಲ್ಪ ತಿನ್ನುತ್ತದೆ. ಎರಡನ್ನೂ ಸೇರಿಸಿದರೆ? ಇಟಲಿಯ ಲ್ಯಾನ್ಸಿಯಾ ಕಂಪನಿಯವರು 1985ರಲ್ಲಿ ಡೆಲ್ಟಾ ಎಸ್4 ಎಂಬ ರ್‍ಯಾಲಿ ಕಾರಿನಲ್ಲಿ ಸೇರಿಸಿದ್ದರು, ಅದೂ ಫೋರ್ ವೀಲ್ ಡ್ರೈವ್. “ಅವ್ರು ಮಾಡ್ಬೋದು, ಕಾನಹೊಸಳ್ಳಿಯವ್ರು ಮಾಡಬಾರ್ದಾ?” ಪ್ರಶ್ನೆಯಲ್ಲಿ ಸ್ವಾಭಿಮಾನ ಇದ್ದದ್ದರಿಂದ ಯಾರೂ ಎದುರಾಡಲಿಲ್ಲ.

ಈ ಗಾಳಿಯೂದುವ ಯಂತ್ರ ಹುಟ್ಟಿದ್ದು ಕಾರಿಗಲ್ಲ. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದದ್ದು. ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದಿ ಊದಿ ಹೆಸರಾದದ್ದು, ಎಷ್ಟೋ ಕಾಲದ ಮೇಲೆ ಕಾರಿಗೆ ಹತ್ತಿತು. ಸಂಡೂರಿನ ಅದಿರಿನ ಧೂಳು ಕುಡಿದ ಗಾಡಿಗೆ ಅದು ಬಂದು ಸೇರುವುದು ಋಣಾನುಬಂಧ ಎಂದು ಅಣ್ಣನ ವಾದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಒಮ್ಮೆ ಅದನ್ನು ಅಣ್ಣನಿಗೂ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, “ಚೆನ್ನಾಗೈತೆ ತಮ್ಮಾ. ಆಯಿಲ್ ಎಲ್ಲಿ ಹಾಕ್ತಾರೆ ಇದಕ್ಕೆ?” ಎಂದರು. ಅಂದಿನಿಂದ ಆ ಪಾಠ ಬಂದಾಗ ನನ್ನ ಸೀಮೆಸುಣ್ಣ ಸ್ವಲ್ಪ ಅಳುಕುತ್ತದೆ.

ಸೂಪರ್‌ಚಾರ್ಜರ್ ಸಿಕ್ಕಿದ್ದು ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ. ಬೆಂಜ್ ಕಾರಿನದಂತೆ. ಗೋಣಿಚೀಲದಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, “ಮದುವೆ ಹೊಸದರಾಗೆ ಬೆಂಜ್ ಕಾರು ತರ್ತೀನಿ ಅಂದಿದ್ರು. ಈಗ ತರಾಕೆ ಶುರು ಮಾಡ್ಯಾರೆ ನೋಡಪ್ಪ” ಎಂದರು.

ಅದನ್ನು ಕೂರಿಸುವ ಬ್ರ್ಯಾಕೆಟ್ ಮತ್ತು ಪುಲ್ಲಿ ತಯಾರಾದದ್ದು ಕೊಟ್ಟೂರಿನ ಒಂದು ಲೇತ್‌ನಲ್ಲಿ. ಬೋರ್‌ವೆಲ್ ಮೋಟಾರಿನ ಶಾಫ್ಟ್, ಶೇಂಗಾ ಬಿಡಿಸುವ ಯಂತ್ರದ ಬುಷ್ ಮಾಡುವ ಜಾಗ ಅದು. ಪುಲ್ಲಿ ಸಣ್ಣದಾದಷ್ಟೂ ಸೂಪರ್‌ಚಾರ್ಜರ್ ಜೋರು ತಿರುಗುತ್ತದೆ, ಗಾಳಿಯ ಒತ್ತಡ ಏರುತ್ತದೆ. ಮೊದಲ ಪುಲ್ಲಿ ಸಾಲದೆನ್ನಿಸಿತು. ಎರಡನೆಯದು ಹಾಕಿದಾಗ ಹೆಡ್ ಗ್ಯಾಸ್ಕೆಟ್ ಹೋಯಿತು. ಗ್ಯಾಸ್ಕೆಟ್ ಹೋದದ್ದರಿಂದ ಹೆಡ್ ಬಿಚ್ಚಿದರು, ಹೆಡ್ ಬಿಚ್ಚಿದ್ದರಿಂದ ಬೋರ್ ಸವೆದದ್ದು ಕಂಡಿತು, ಬೋರ್ ಮಾಡಿಸುವುದಾದರೆ ಪಿಸ್ಟನ್ ರಿಂಗ್ ಹೇಗೂ ಹೊಸದು, ರಿಂಗ್ ಹೊಸದಾದ ಮೇಲೆ ಬೇರಿಂಗ್ ಹಳೆಯದಿದ್ದರೆ ನ್ಯಾಯವೇ? ಬ್ಲಾಕ್ ದಾವಣಗೆರೆಗೆ ಹೋಯಿತು. ಅಕ್ಕನ ಅಡುಗೆಮನೆಯಿಂದ ಪಾತ್ರೆಗಳು ಒಂದೊಂದಾಗಿ ಅಂಗಳಕ್ಕೆ ಬಂದವು. ಇಡ್ಲಿ ಸ್ಟ್ಯಾಂಡಿನ ಒಂದೊಂದು ಕುಳಿಯಲ್ಲಿ ಒಂದೊಂದು ವಾಲ್ವಿನ ಸ್ಪ್ರಿಂಗ್, ಎಲ್ಲಿಂದ ತೆಗೆದದ್ದು ಅಲ್ಲಿಗೇ ಹೋಗಬೇಕೆಂದು ಸುಣ್ಣದಲ್ಲಿ ಬರೆದ ಅಂಕಿ. ಇಷ್ಟು ಅಚ್ಚುಕಟ್ಟನ್ನು ನಾನು ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಕಂಡಿಲ್ಲ.

ಈ ಪಂಗಡದವರಿಗೆಲ್ಲ ಒಬ್ಬ ಬ್ಯಾಟ್ರಿ ಹಿಡಿಯುವವ ಬೇಕು. ಇದು ನನ್ನ ಮುಖ್ಯ ಅಹವಾಲು. ಪ್ರಪಂಚದಲ್ಲಿ ಯಾರೂ ಸರಿಯಾಗಿ ಮಾಡಲಾರದ ಕೆಲಸವೊಂದಿದ್ದರೆ ಅದು ಇನ್ನೊಬ್ಬ ರಿಪೇರಿ ಮಾಡುವಾಗ ಬ್ಯಾಟ್ರಿ ಹಿಡಿಯುವುದು. ಕೊಟ್ಟೂರೇಶ್ವರನ ತೇರಿನ ಹಿಂದಿನ ರಾತ್ರಿ. ಬಳಗವೆಲ್ಲ ಸೇರಿತ್ತು. ಬೆಳಿಗ್ಗೆ ಎಲ್ಲರನ್ನೂ ಸಫಾರಿಯಲ್ಲೇ ತೇರಿಗೆ ಕರೆದೊಯ್ಯುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದರು. ಎಂಜಿನ್ ಇನ್ನೂ ಮಂಚದ ಮೇಲಿತ್ತು. ಕರೆಂಟ್ ಹೋಯಿತು. “ತಮ್ಮಾ, ಬ್ಯಾಟ್ರಿ ಹಿಡಿ.”

ಹಿಡಿದೆ. “ಅಲ್ಲಲ್ಲ, ಈ ಕಡೆ. ಸ್ವಲ್ಪ ಮ್ಯಾಲೆ. ಅಷ್ಟು ಮ್ಯಾಲಲ್ಲ. ನನ್ನ ಕೈ ನೋಡಬ್ಯಾಡ, ವಾಲ್ವ್ ನೋಡು. ಈಗ ನನ್ನ ಕೈ ಯಾಕೆ ಕಾಣ್ತಿಲ್ಲ?” ಅವರು ವಾಲ್ವಿನ ಸ್ಪ್ರಿಂಗ್ ಒತ್ತಿ ಹಿಡಿದು ವಾಲ್ವ್ ಲಾಕ್ ಕೂರಿಸುತ್ತಿದ್ದರು. ವಾಲ್ವ್ ಲಾಕ್ ಎಂದರೆ ಕಿರುಬೆರಳಿನ ಉಗುರಿನಷ್ಟು ಕಬ್ಬಿಣದ ಚೂರು. ಎರಡು ಚೂರು ಸೇರಿ ಒಂದು ವಾಲ್ವನ್ನು ಹಿಡಿದಿರುತ್ತವೆ. ಒಂದು ತಪ್ಪಿದರೆ ವಾಲ್ವ್ ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್ ಜಜ್ಜಿ ಎಲ್ಲವೂ ಮುಗಿಯುತ್ತದೆ. ಒತ್ತುವ ಸಾಧನ ಜಾರಿತು. ಟಿಣ್ ಎಂದು ಒಂದು ಸದ್ದು. ಆ ಸದ್ದು ಯಾವ ದಿಕ್ಕಿಗೆ ಹೋಯಿತೆಂದು ಅಲ್ಲಿದ್ದ ಪ್ರತಿಯೊಬ್ಬರೂ ಬೇರೆ ಬೇರೆ ದಿಕ್ಕು ತೋರಿಸಿದರು.

“ಯಾರೂ ಕಾಲು ಎತ್ತಬ್ಯಾಡ್ರಿ!” ಅಂಗಳದಲ್ಲಿ ನೆಂಟರೆಲ್ಲ ನಿಂತಲ್ಲೇ ನಿಂತರು. ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಸೋದರತ್ತೆ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ ಇಟ್ಟುಕೊಂಡು ನಿಂತಿದ್ದರು. ಅವರಿಗೂ ವಿನಾಯಿತಿ ಸಿಗಲಿಲ್ಲ. ಸ್ಪೀಕರಿನ ಹಿಂದಿನ ಅಯಸ್ಕಾಂತ ಕಿತ್ತು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿದರು. ಮೊಳೆ ಸಿಕ್ಕಿತು, ಲಾಳ ಸಿಕ್ಕಿತು, ಅಕ್ಕನ ಕಳೆದುಹೋಗಿದ್ದ ಬೀಗದ ಕೈ ಸಿಕ್ಕಿತು. ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯ ಕೋಳಿಗಳು ಹೊರಬಿದ್ದವು. ಅವುಗಳಲ್ಲೊಂದು ಏನೋ ಕುಕ್ಕಿ ನುಂಗಿದ್ದನ್ನು ಅಣ್ಣ ನೋಡಿದರು. ಕೋಳಿಗೆ ರೇಟು ಕೇಳುವ ಮಾತೂ ನಡೆಯಿತು. ಅಷ್ಟರಲ್ಲಿ ಅಕ್ಕ ಚಹಾ ತಂದು ಕೊಡುತ್ತ, “ಮೊಣಕೈಗೆ ಏನೋ ಅಂಟೈತಲ್ರೀ” ಎಂದರು. ಗ್ರೀಸಿನಲ್ಲಿ ಕಚ್ಚಿಕೊಂಡು ವಾಲ್ವ್ ಲಾಕ್ ರಾತ್ರಿಯಿಡೀ ಅಣ್ಣನ ಜೊತೆಗೇ ಇತ್ತು. ಕೋಳಿ ಬದುಕಿತು. ನಾವೆಲ್ಲ ತೇರಿಗೆ ಸ್ಪೆಷಲ್ ಬಸ್ಸಿನಲ್ಲಿ ಹೋದೆವು. “ನೀನು ಬ್ಯಾಟ್ರಿ ನೆಟ್ಟಗೆ ಹಿಡಿದಿದ್ರೆ” ಎನ್ನುವ ಮಾತು ಇವತ್ತಿಗೂ ಬಳಗದ ಸಭೆಗಳಲ್ಲಿ ಕೇಳಿಬರುತ್ತದೆ.

ಕಾನೂನು ಹೇಳಿ ಹೆದರಿಸೋಣ ಎಂದುಕೊಂಡೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಓದವರು ಆರ್‌ಸಿ ಕಿತ್ತುಕೊಂಡರೆ ಏನು ಮಾಡುತ್ತೀರಿ ಎಂದೆ. ಅಣ್ಣ ಕೈ ಒರೆಸಿಕೊಳ್ಳುತ್ತ, “ಸುಪ್ರೀಂ ಕೋರ್ಟಿಗೂ ನಮಗೂ ಹಳೇ ಪರಿಚಯ ಬಿಡು ತಮ್ಮಾ” ಎಂದರು.

ಅದು ನಿಜ. ಅದಿರಿನ ಕಾಲದಲ್ಲಿ ಅಣ್ಣನ ಲಾರಿಗಳು ಸಂಡೂರಿನಿಂದ ಇದೇ ಹೆದ್ದಾರಿ ಹಿಡಿದು ಬಂದರಿಗೆ ಓಡುತ್ತಿದ್ದವು. ರಾತ್ರಿ ಹೊತ್ತು ಘಾಟಿನಲ್ಲಿ ಆಕ್ಸಲ್ ಮುರಿದರೆ ಜಾಕ್ ಹಾಕಿ ತಾವೇ ಬಿಚ್ಚಿ ಜೋಡಿಸುತ್ತಿದ್ದವರು. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮರುತಿಂಗಳು ಚಿತ್ರದುರ್ಗ, ತುಮಕೂರಿನದೂ ನಿಂತಿತು. ಗುಡ್ಡಗಳನ್ನು ತಿಂದ ಆ ದಂಧೆ ನಿಂತದ್ದು ಸರಿ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಕಂತು ಕಟ್ಟಲಾಗದೆ ಲಾರಿಗಳನ್ನು ಫೈನಾನ್ಸಿನವರು ಒಂದೊಂದಾಗಿ ಒಯ್ದಾಗ ಅಂಗಳದಲ್ಲಿ ನಿಂತು ನೋಡಿದವನೂ ನಾನೇ. ಸಫಾರಿ ಉಳಿದದ್ದು ಅದನ್ನು ಕೇಳುವವರು ಇರಲಿಲ್ಲ ಎಂಬ ಒಂದೇ ಕಾರಣಕ್ಕೆ. ನಾಲ್ಕೂ ಚಕ್ರ ಎಳೆಯುವ ಹಳೇ ಡೀಸೆಲ್ ಗಾಡಿಯ ಖರ್ಚು ಯಾರಿಗೆ ಬೇಕು?

ಆಮೇಲೆ ನಾನು ಗಮನಿಸಿದ್ದೇನೆ. ಗಾಡಿ ಸರಿಯಾಗಿ ಓಡುತ್ತಿರುವ ತಿಂಗಳುಗಳಲ್ಲಿ ಆ ಅಂಗಳಕ್ಕೆ ಯಾರೂ ಬರುವುದಿಲ್ಲ. ಎಂಜಿನ್ ಇಳಿದ ಸಂಜೆಯೇ ಹಳೇ ಡ್ರೈವರುಗಳು, ಕ್ಲೀನರಾಗಿದ್ದು ಈಗ ಹೋಟೆಲಿಟ್ಟವರು, ಐಟಿಐ ಓದುವ ಹುಡುಗರು ಬಂದು ಕಲ್ಲು ಎಳೆದುಕೊಂಡು ಕೂರುತ್ತಾರೆ. ಒಬ್ಬ ಹುಡುಗ ರಿಂಗಿನ ಸಂದು ಅಳೆಯುವುದನ್ನು ಇಲ್ಲೇ ಕಲಿತು ದಾವಣಗೆರೆಯಲ್ಲಿ ಕೆಲಸ ಹಿಡಿದ. ಬ್ಲಾಕ್ ಬೋರ್ ಮಾಡಿ ಕಳಿಸಿದವನು ಅವನೇ. ಅಕ್ಕ ಬೈಯುತ್ತಲೇ ದೊಡ್ಡ ಪಾತ್ರೆಯಲ್ಲಿ ಚಹಾ ಇಡುತ್ತಾರೆ.

ಕಳೆದ ಯುಗಾದಿಗೆ ಎಂಜಿನ್ ಕೂತಿತು. ಮೊದಲ ಪುಲ್ಲಿಯನ್ನೇ ಮತ್ತೆ ಹಾಕಿದ್ದರು, ಅದು ಅಕ್ಕನ ಷರತ್ತು. ಕೀ ತಿರುಗಿಸಿದ ತಕ್ಷಣ ಹೊತ್ತಿಕೊಂಡಿತು. ಹೊಗೆ ಇಲ್ಲ, ನಡುಕ ಇಲ್ಲ. ಸೂಪರ್‌ಚಾರ್ಜರಿನ ಸಣ್ಣ ಸಿಳ್ಳು ಮಾತ್ರ. ಗುಡೇಕೋಟೆ ತನಕ ಹೋಗಿ ಬಂದೆವು. ಏರಿನಲ್ಲಿ ಗೇರ್ ಇಳಿಸದೆ ಹತ್ತಿದ ಗಾಡಿಯಲ್ಲಿ ಅಣ್ಣ ಸ್ಟಿಯರಿಂಗ್ ಹಿಡಿದು ಹಾಡಿಕೊಂಡರು. ಮನೆ ಮುಂದೆ ಬಂದು ನಿಂತು, ಟರ್ಬೊ ತಣ್ಣಗಾಗಿ, ಇನ್ನೇನು ಆಫ್ ಮಾಡಬೇಕು, ತಲೆ ವಾರೆ ಮಾಡಿದರು.

“ತಮ್ಮಾ, ಒಂದು ಸೌಂಡ್ ಬರ್ತಾ ಐತೆ. ಕೇಳ್ತಾ ಐತಾ?”

ಕಿವಿಗೊಟ್ಟೆ. ಗಡಿಯಾರದ ಹಾಗೆ ಓಡುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು, ಇಲ್ಲ ಅನ್ನು, ಇಲ್ಲ ಅನ್ನು ಎಂದು ಕೈಸನ್ನೆ ಮಾಡುತ್ತಿದ್ದರು.

“ಹೂಂ ಅಣ್ಣ,” ಎಂದೆ, “ಎಡಗಡೆಯಿಂದ.”