ಹಿರಿಯರ ಸೀಟು ಖಾಲಿ ಇದೆ, ದಯವಿಟ್ಟು ಕೂರಿ!

ವೈದ್ಯಕೀಯ ಸ್ನಾತಕೋತ್ತರ ಕೌನ್ಸೆಲಿಂಗಿನ ಕಡೆಯ ಸುತ್ತೂ ಮುಗಿದಿತ್ತು. ರೇಡಿಯಾಲಜಿ, ಡರ್ಮಟಾಲಜಿ ಸೀಟುಗಳು ಮೊದಲ ಸುತ್ತಿನಲ್ಲೇ ಬಿಕರಿಯಾಗಿದ್ದವು. ಕಾಲೇಜೊಂದರ ಕಾರಿಡಾರಿನ ತುದಿಯಲ್ಲಿ ಎಂ.ಡಿ. ಜೀರಿಯಾಟ್ರಿಕ್ಸ್, ಅಂದರೆ ವಯಸ್ಸಾದವರ ಚಿಕಿತ್ಸೆಯ ತಜ್ಞರನ್ನು ತಯಾರು ಮಾಡುವ ಸೀಟು, ಒಂಟಿಯಾಗಿ ಆಕಳಿಸುತ್ತಿತ್ತು. ಮೆಲ್ಲಗೆ ಮಾತಿಗೆಳೆದೆವು.

ನಾವು: ನಮಸ್ಕಾರ. ಈ ಸಲವೂ ಯಾರೂ ಬರಲಿಲ್ಲವೇ?

ಸೀಟು: ಒಬ್ಬ ಬಂದಿದ್ದ. ಬೋರ್ಡು ಓದಿ, 'ಜನರಲ್ ಮೆಡಿಸಿನ್ ಅಂದ್ಕೊಂಡಿದ್ದೆ, ಸಾರಿ' ಅಂತ ಹೊರಟೇಹೋದ. ನೋಡಿ ಸ್ವಾಮಿ, ಬಸ್ಸಿನಲ್ಲಿ 'ಹಿರಿಯ ನಾಗರಿಕರಿಗೆ' ಅಂತ ಬರೆದಿರುವ ಸೀಟಿನಲ್ಲಿ ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತುಬಿಡುತ್ತಾರೆ, ಕಂಡಕ್ಟರ್ ಬಂದು ಗದರಿದರೂ ಏಳುವುದಿಲ್ಲ. ನನ್ನ ಮೇಲೂ ಹೆಚ್ಚುಕಮ್ಮಿ ಅದೇ ಬೋರ್ಡು. ಕೈಹಿಡಿದು ಎಳೆದರೂ ಒಬ್ಬನೂ ಕೂರುವುದಿಲ್ಲ!

ನಾವು: ಅರ್ಹತೆಯ ಅಂಕ ಇನ್ನಷ್ಟು ಇಳಿಸಿದರೆ ತುಂಬಬಹುದೇನೋ?

ಸೀಟು: 2023ರಲ್ಲಿ ನೀಟ್ ಪಿ.ಜಿ. ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದರಲ್ಲ, ಅದರ ಕೆಳಗೆ ಮೆಟ್ಟಿಲೇ ಇಲ್ಲ. ನನಗೆ ಕೊರತೆಯಾಗಿರುವುದು ಅಂಕವಲ್ಲ, ಆಸೆ.

ನಾವು: ಆಸೆ ಯಾಕಿಲ್ಲ?

ಸೀಟು: ಪಕ್ಕದ ವಿಭಾಗದವರಿಗೆ ಎಂ.ಆರ್.ಐ. ಇದೆ, ಅದರಾಚೆಯವರಿಗೆ ಎಂಡೋಸ್ಕೋಪಿ ಇದೆ. ನನ್ನ ಉಪಕರಣ ಏನು ಗೊತ್ತೇ? ಕೈಗಳಿರುವ ಒಂದು ಕುರ್ಚಿ, ಮೂರು ಮೀಟರ್ ನೆಲ, ಒಂದು ಗಡಿಯಾರ. ಅಜ್ಜನನ್ನು ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳುತ್ತೇವೆ. ಏಳುವಾಗ ಕೈ ಊರಿದರೇ, ತಿರುಗುವಾಗ ತಡವರಿಸಿದರೇ, ಗೋಡೆ ಹುಡುಕಿದರೇ, ಎಲ್ಲ ನೋಡುತ್ತೇವೆ. 12 ಸೆಕೆಂಡಿನ ಮೇಲೆ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಇಷ್ಟಕ್ಕೆ ಯಾವ ಆಸ್ಪತ್ರೆ ಎಷ್ಟು ಬಿಲ್ಲು ಹಾಕೀತು, ಹೇಳಿ?

ನಾವು: ಹೃದಯಕ್ಕೆ, ಕಿಡ್ನಿಗೆ, ಮೂಳೆಗೆ ಬೇರೆ ಬೇರೆ ತಜ್ಞರಿದ್ದಾರೆ. ನಿಮ್ಮ ತಜ್ಞ ಹೆಚ್ಚುವರಿಯಾಗಿ ಮಾಡುವುದಾದರೂ ಏನು?

ಸೀಟು: ಹೆಚ್ಚು ಮಾಡುವುದಿಲ್ಲ, ಕಮ್ಮಿ ಮಾಡುತ್ತಾನೆ. ಒಬ್ಬ ಅಜ್ಜಿಗೆ ಬಿ.ಪಿ. ಅಂತ ಆಮ್ಲೋಡಿಪಿನ್ ಶುರುವಾಯಿತು ಅನ್ನಿ. ಆ ಮಾತ್ರೆಯಿಂದ ಕೆಲವರಿಗೆ ಪಾದ ಊದುತ್ತದೆ. ಊತ ಕಂಡ ಇನ್ನೊಬ್ಬ ಡಾಕ್ಟರು ಉಚ್ಚೆ ಹೋಗಿಸುವ ಮಾತ್ರೆ ಬರೆದರು. ರಾತ್ರಿ ನಾಲ್ಕು ಸಲ ಏಳುವಂತಾಯಿತು, ನಿದ್ದೆ ಕೆಟ್ಟಿತು. ಮೂರನೆಯವರು ನಿದ್ದೆ ಮಾತ್ರೆ ಕೊಟ್ಟರು. ಆ ಮಂಪರಿನಲ್ಲೇ ಎದ್ದು ಬಚ್ಚಲಿಗೆ ಹೊರಟ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂರು ಚೀಟಿಯನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾರದೂ ತಪ್ಪಿಲ್ಲ. ಒಟ್ಟಿಗೆ ಇಟ್ಟು ಓದುವವನು ಇರಲಿಲ್ಲ, ಅಷ್ಟೇ. ಆ ಓದನ್ನು ಕಲಿಸುವುದಕ್ಕೇ ನನಗೆ ಮೂರು ವರ್ಷ ಬೇಕು.

ನಾವು: ಎಂ.ಬಿ.ಬಿ.ಎಸ್.ನಲ್ಲೇ ಇದನ್ನೆಲ್ಲ ಕಲಿಸುವುದಿಲ್ಲವೇ?

ಸೀಟು: ಮಕ್ಕಳ ವೈದ್ಯಕ್ಕೆ ಪ್ರತ್ಯೇಕ ಪೇಪರ್ ಇದೆ. ಮುದುಕರಿಗೆ ಜನರಲ್ ಮೆಡಿಸಿನ್ನಿನ ಒಳಗೆ ಒಂದು ಅಧ್ಯಾಯ ಇದೆ. ಮಕ್ಕಳೆಂದರೆ ಗಾತ್ರದಲ್ಲಿ ಚಿಕ್ಕದಾದ ದೊಡ್ಡವರಲ್ಲ ಅಂತ ವೈದ್ಯಲೋಕ ಯಾವತ್ತೋ ಒಪ್ಪಿದೆ. ಮುದುಕರೆಂದರೆ ಚರ್ಮ ಸುಕ್ಕಾದ ಯುವಕರಲ್ಲ ಅಂತ ಒಪ್ಪುವುದಕ್ಕೆ ಇನ್ನೂ ಮೀನಮೇಷ ಎಣಿಸುತ್ತಿದೆ. ಎಪ್ಪತ್ತೆಂಟರ ಅಜ್ಜನಿಗೆ ನ್ಯುಮೋನಿಯಾ ಆದರೆ ಜ್ವರವೇ ಬಾರದಿರಬಹುದು, ಬರೀ ತೊದಲುತ್ತಾ ಊರು ಹೆಸರು ಮರೆಯಬಹುದು. ಹೃದಯಾಘಾತಕ್ಕೆ ಎದೆನೋವೇ ಕಾಣಿಸದಿರಬಹುದು. ಮನೆಯವರು 'ವಯಸ್ಸಾಯ್ತಲ್ಲ' ಅನ್ನುತ್ತಾರೆ. ಒಂದೇ ಅಧ್ಯಾಯ ಓದಿದ ಡಾಕ್ಟರೂ ಅದನ್ನೇ ಅನ್ನುತ್ತಾನೆ.

ನಾವು: ನಿಮ್ಮ ವಂಶ ಹಳೆಯದೇ?

ಸೀಟು: ಆಯುರ್ವೇದದ ಎಂಟು ಅಂಗಗಳಲ್ಲಿ ಜರಾಚಿಕಿತ್ಸೆಯೂ ಒಂದು. ಆಧುನಿಕ ವೈದ್ಯದಲ್ಲಿ ನನ್ನ ಅಜ್ಜಿ ಅಂದರೆ ಇಂಗ್ಲೆಂಡಿನ ಡಾ. ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಶ್ರಯದ ವಾರ್ಡುಗಳು ಸೇರಿದವು. ಅಲ್ಲಿ ಹಾಸಿಗೆ ಹಿಡಿದು ಬಿದ್ದಿದ್ದ ನೂರಾರು ಮುದುಕರನ್ನು ಆಯಮ್ಮ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದಳು, ಎಬ್ಬಿಸಿ ನಡೆಸಿದಳು, ಎಷ್ಟೋ ಜನರನ್ನು ಮನೆಗೆ ಕಳಿಸಿದಳು. ನಮ್ಮ ದೇಶದಲ್ಲಿ ಡಾ. ವಿ.ಎಸ್. ನಟರಾಜನ್ ಅವರು 1978ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ತೆರೆದರು. ಅಲ್ಲಿನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1996ರಲ್ಲಿ ನಾನು ಎಂ.ಡಿ. ಆಗಿ ಹುಟ್ಟಿದೆ. ವಯಸ್ಸಾದವರ ಸೀಟಾದರೂ ನನಗಿನ್ನೂ ಹರೆಯ ಸ್ವಾಮಿ!

ನಾವು: ಸರ್ಕಾರ ಹಿರಿಯರಿಗಾಗಿ ಏನೇನೋ ಮಾಡುತ್ತಿದೆಯಲ್ಲ?

ಸೀಟು: ಮಾಡುತ್ತಿದೆ, ಇಲ್ಲ ಅನ್ನಲಾರೆ. 70 ತುಂಬಿದವರಿಗೆಲ್ಲ 2024ರಿಂದ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದ ತನಕ ಖರ್ಚು ಸಿಗುತ್ತದೆ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರೆ ಕಾರ್ಡು ಕೆಲಸ ಮಾಡುತ್ತದೆ. ಮುಕ್ಕಾಲು ಗಂಟೆ ಕೂತು, ಮಾತ್ರೆ ಕಡಿಮೆ ಮಾಡಿ, ಬೀಳದ ಹಾಗೆ ನೋಡಿಕೊಂಡ ಡಾಕ್ಟರಿಗೆ ಅದರಲ್ಲಿ ಕಾಲಂ ಇಲ್ಲ.

ನಾವು: ಹಾಗಾದರೆ ನಿಮ್ಮಂಥ ಸೀಟುಗಳನ್ನು ಸಾವಿರಗಟ್ಟಲೆ ಹೆಚ್ಚಿಸಿದರೆ ಸರಿಹೋದೀತೇ?

ಸೀಟು: 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. 2050ರ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ಇಷ್ಟು ಜನಕ್ಕೆ ತಜ್ಞರೇ ಬೇಕೆಂದರೆ ಆಗುವ ಮಾತಲ್ಲ. ನನ್ನಲ್ಲಿ ಕೂತು ಎದ್ದವನು ಕಾಲೇಜಿನಲ್ಲಿ ಮೇಷ್ಟ್ರಾಗಬೇಕು. ತಾಲ್ಲೂಕು ಆಸ್ಪತ್ರೆಗೆ ಹೋಗುವ ಪ್ರತಿಯೊಬ್ಬ ಎಂ.ಬಿ.ಬಿ.ಎಸ್. ಹುಡುಗನಿಗೂ ಅಜ್ಜಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡುವುದನ್ನು ಕಲಿಸಬೇಕು. ತಜ್ಞ ಬೇಕಿರುವುದು ಮುಖ್ಯವಾಗಿ ಅದಕ್ಕೆ.

ನಾವು: ಓದುಗರಿಗೆ ಏನಾದರೂ ಹೇಳುವುದಿದೆಯೇ?

ಸೀಟು: ಎರಡು ಮಾತು. ಮನೆಯಲ್ಲಿ ಮಗಳೋ ಮಗನೋ ಪಿ.ಜಿ. ಸೀಟು ಆರಿಸುವಾಗ, 'ರೇಡಿಯಾಲಜಿ ತಗೋ, ಆರಾಮಾಗಿರ್ತೀಯ' ಅಂತ ಬುದ್ಧಿ ಹೇಳುವವರು ಅಪ್ಪ-ಅಮ್ಮಂದಿರೇ. ಇಪ್ಪತ್ತು ವರ್ಷ ಕಳೆದ ಮೇಲೆ ನನ್ನ ಡಾಕ್ಟರು ಬೇಕಾಗುವುದೂ ಅವರಿಗೇ. ಇನ್ನೊಂದು, ಮುಂದಿನ ಸಲ ಅಪ್ಪನನ್ನೋ ಅಮ್ಮನನ್ನೋ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ನಾಟಿ ಔಷಧಿ, ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ಒಯ್ಯಿರಿ. ನೀವಾಗಿ ಒಂದನ್ನೂ ನಿಲ್ಲಿಸಬೇಡಿ. 'ಇದರಲ್ಲಿ ಯಾವುದನ್ನು ಬಿಡಬಹುದು ಡಾಕ್ಟ್ರೇ?' ಅಂತ ಕೇಳಿ. ನಾನು ತುಂಬುವವರೆಗೆ ಆ ಪ್ರಶ್ನೆ ಕೇಳುವ ಕೆಲಸ ನಿಮ್ಮದೇ.