ಖಾಪರಿಯಿಂದ ಸೀತಾಬರ್ಡಿಗೆ

ದೊಡ್ಡ ಮನುಷ್ಯರು ಕಾಲವಾದ ಮೇಲೆ ಮೊದಲು ಫೋಟೊ ಆಗುತ್ತಾರೆ, ಆಮೇಲೆ ವಿಳಾಸ ಆಗುತ್ತಾರೆ. ಫೋಟೊಕ್ಕಾದರೂ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ. ವಿಳಾಸದ ಪಾಡು ಕೇಳುವುದೇ ಬೇಡ. ಗಾಂಧಿನಗರದಲ್ಲಿ ಎಂಟು ದಿನದಿಂದ ನೀರಿಲ್ಲ, ತಿಲಕ ರಸ್ತೆಯ ತುಂಬ ತಗ್ಗು, ನೆಹರೂ ಮೈದಾನದ ಹತ್ತಿರ ಗಾಡಿ ನಿಲ್ಲಿಸಲು ಜಾಗವಿಲ್ಲ. ದೇಶಕ್ಕಾಗಿ ಜೈಲು ಕಂಡವರಿಗೆ ನಾವು ಕೊಟ್ಟಿರುವ ಎರಡನೆಯ ಶಿಕ್ಷೆ ಇದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ನಾಗಪುರದ ಮಿಹಾನ್‌ನಲ್ಲಿ ಮಾತ್ರ ಈ ತೊಂದರೆ ಇಲ್ಲ. ಅದರ ಹೆಸರು ಕೇಳಿದರೆ ಯಾರದೋ ಮನೆಯ ಮುದ್ದಿನ ಮೊಮ್ಮಗನನ್ನು ಕರೆದಂತೆ ಇರುತ್ತದೆ. ಬಿಡಿಸಿ ನೋಡಿದರೆ ಸರಕು ಸಾಗಣೆ, ವಿಮಾನ ನಿಲ್ದಾಣ ಎಂದೆಲ್ಲ ಉದ್ದವಾದ ಸರ್ಕಾರಿ ಇಂಗ್ಲಿಷಿನ ಮೊದಲಕ್ಷರಗಳು. ಅಗಲವಾದ ರಸ್ತೆ, ಏಮ್ಸ್ ಆಸ್ಪತ್ರೆ, ಐಐಎಂ, ಟಿಸಿಎಸ್, ಇನ್ಫೋಸಿಸ್, ವಿಮಾನ ರಿಪೇರಿಯ ದೊಡ್ಡ ದೊಡ್ಡ ಶೆಡ್ಡುಗಳು. ನನ್ನ ಅಕ್ಕನ ಮಗ ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹುಬ್ಬಳ್ಳಿಯ ಹುಡುಗ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕನ್ನಡ ಕೇಳಿಸುತ್ತದಂತೆ, ರೊಟ್ಟಿ ಮಾತ್ರ ಸಿಗುವುದಿಲ್ಲವಂತೆ. "ಇಲ್ಲಿ ನೋಡಾಕೇನೂ ಇಲ್ರೀ ಮಾಮಾ, ಬರೇ ಬಿಲ್ಡಿಂಗ್" ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದ.

ನೋಡಲು ಬೇಕಾದಷ್ಟಿತ್ತು. ಅದಕ್ಕೆ ಮಾಡಬೇಕಾದದ್ದು ಒಂದೇ: ಮಿಹಾನ್ ಪಕ್ಕದ ಖಾಪರಿಯಲ್ಲಿ ಮೆಟ್ರೊ ಹತ್ತಿ ನಿಲ್ದಾಣಗಳ ಹೆಸರು ಓದುತ್ತಾ ಊರೊಳಕ್ಕೆ ಹೋಗುವುದು.

ಮೊದಲು ನ್ಯೂ ಏರ್‌ಪೋರ್ಟ್, ಆಮೇಲೆ ಏರ್‌ಪೋರ್ಟ್ ಸೌತ್, ಅದಾದ ಮೇಲೆ ಬರೀ ಏರ್‌ಪೋರ್ಟ್. ವಿಮಾನ ನಿಲ್ದಾಣಕ್ಕೆ 2005ರಿಂದ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ಹೆಸರಿದೆ. ಹಗಲಿಡೀ ಟ್ರಾಲಿ ತಳ್ಳಿಕೊಂಡು ಓಡುವವರು ಆ ಹೆಸರಿನ ಕೆಳಗೇ ಓಡುತ್ತಾರೆ. ಆದರೆ ನಾಗಪುರದಲ್ಲಿ ಅಂಬೇಡ್ಕರ್ ಅವರನ್ನು ವಿಳಾಸ ಮಾಡಿ ಕೈತೊಳೆದುಕೊಳ್ಳಲು ಜನ ಬಿಟ್ಟಿಲ್ಲ. 1956ರ ಅಕ್ಟೋಬರ್ 14ರಂದು ಅವರು ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿ ಇದೇ ಊರಿನಲ್ಲಿದೆ. ಆಮೇಲೆ ಅವರು ಬದುಕಿದ್ದು ಎರಡು ತಿಂಗಳೂ ಇಲ್ಲ. ಡಿಸೆಂಬರ್ 6ಕ್ಕೆ ತೀರಿಕೊಂಡರು. ಆ ದೀಕ್ಷೆಯ ನೆನಪಿಗೆ ಇಂದಿಗೂ ದಸರೆಗೆ ಅಲ್ಲಿ ಜನಸಾಗರ. ನಮ್ಮ ಕಡೆಯಿಂದಲೂ ಹೋಗುತ್ತಾರೆ. ಜಾತ್ರೆಗೆ ಹೋದವರು ಬೆಂಡು ಬತ್ತಾಸು ತರುವುದು ಲೋಕರೂಢಿ. ದೀಕ್ಷಾಭೂಮಿಗೆ ಹೋದವರು ಪುಸ್ತಕ ಕೊಂಡು ತರುತ್ತಾರೆ. ಓದುವ ಹುಚ್ಚಿದ್ದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಹಾರ ಇನ್ನಾವುದಿದೆ?

ಮುಂದೆ ಜೈಪ್ರಕಾಶ ನಗರ ಬರುತ್ತದೆ. ಹೆಸರು ಕೇಳಿದ ಕೂಡಲೇ ನನ್ನ ಮನಸ್ಸು ಬೆಂಗಳೂರಿಗೆ ಹಾರಿತು. 1974ರಲ್ಲಿ ಪಟ್ನಾದಲ್ಲಿ ನಿಂತು ಸಂಪೂರ್ಣ ಕ್ರಾಂತಿಗೆ ಕರೆ ಕೊಟ್ಟವರು ಜಯಪ್ರಕಾಶ ನಾರಾಯಣರು. ಬೆಂಗಳೂರಿನವರು ಅವರ ಹೆಸರಿನ ಬಡಾವಣೆಯನ್ನು ಒಂದನೇ ಹಂತ, ಎರಡನೇ ಹಂತ ಎಂದು ಬೆಳೆಸಿಕೊಂಡು ಹೋದರು. ಸಂಪೂರ್ಣವಾಗದಿದ್ದರೂ ಹಂತಹಂತವಾಗಿ ಆಗಲಿ ಎಂಬ ಸದಾಶಯ ಇದ್ದೀತು.

ಛತ್ರಪತಿ ಚೌಕ, ಅಜನಿ ಚೌಕ, ರಹಾಟೆ ಕಾಲನಿ ದಾಟಿದರೆ ಕಾಂಗ್ರೆಸ್ ನಗರ. ನಾಗಪುರದಲ್ಲಿ 1920ರ ಡಿಸೆಂಬರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಅಸಹಕಾರ ಚಳವಳಿಗೆ ಒಪ್ಪಿಗೆ ಕೊಟ್ಟಿತೆಂದು ಎಲ್ಲರೂ ಓದಿರುತ್ತೇವೆ. ಕನ್ನಡಿಗರಿಗೆ ಅಲ್ಲಿ ಸಿಕ್ಕ ಲಾಭ ಬೇರೆಯೇ. ಅಲ್ಲಿಯವರೆಗೆ ಕಾಂಗ್ರೆಸ್ಸಿನ ಲೆಕ್ಕದಲ್ಲೂ ಧಾರವಾಡ, ಬೆಳಗಾವಿಯವರು ಮುಂಬಯಿಯ ಬಾಲ, ಬಳ್ಳಾರಿಯವರು ಮದ್ರಾಸಿನ ಬಾಲ. ಧಾರವಾಡದಲ್ಲಿ ಆ ವರ್ಷ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ರಾಜಕೀಯ ಪರಿಷತ್ತು ನಡೆಯಿತು. ಅಲ್ಲಿಂದ ಹುರುಪುಗೊಂಡ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನಾಗಪುರದ ರೈಲು ಹತ್ತಿದರು. ಭಾಷೆಗೊಂದು ಪ್ರಾಂತವೆಂದು ಅಧಿವೇಶನ ಒಪ್ಪಿತು. ಕರ್ನಾಟಕಕ್ಕೆ ತನ್ನದೇ ಪ್ರಾಂತ ಕಾಂಗ್ರೆಸ್ ಸಮಿತಿ ಬಂತು. ನಕಾಶೆಯಲ್ಲಿ ಕರ್ನಾಟಕ ಒಂದಾಗಲು ಆಮೇಲೆ 36 ವರ್ಷ ಬೇಕಾಯಿತು. ನಾಲ್ಕಾಣೆ ಚಂದಾ ಕೊಟ್ಟವರೆಲ್ಲ ಕಾಂಗ್ರೆಸ್ ಸದಸ್ಯರು ಎಂದು ಠರಾವಾದದ್ದೂ ಅಲ್ಲೇ. ನಾಲ್ಕಾಣೆ ಕೊಟ್ಟು ದೇಶ ಬಿಡಿಸಿಕೊಳ್ಳಲು ಹೊರಟ ಅಗ್ಗದ ಕಾಲ!

ಸೀತಾಬರ್ಡಿಯಲ್ಲಿ ಇಳಿದು ಮುಂದೆ ಸಾಗಿದರೆ ಸಿವಿಲ್ ಲೈನ್ಸ್. 1923ರಲ್ಲಿ ಚರಕದ ಬಾವುಟ ಹಿಡಿದು ಅಲ್ಲಿಗೆ ಕಾಲಿಡಬಾರದೆಂದು ಸರ್ಕಾರ ಅಡ್ಡ ನಿಂತಿತು. ಸಾಹೇಬರ ಬಂಗಲೆಗಳ ಮುಂದೆ ಬಟ್ಟೆಯ ತುಂಡೊಂದು ಹಾರಿದರೆ ಸಾಮ್ರಾಜ್ಯದ ನಿದ್ದೆ ಕೆಡುತ್ತಿತ್ತು. ಮೇ ತಿಂಗಳ ನಾಗಪುರದ ಬಿಸಿಲಲ್ಲಿ ದಿನವೂ ಒಂದೊಂದು ತಂಡ ಹೊರಡುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ. ಈ ಚಳವಳಿಯ ಮುಂದಾಳು ಜಮನಾಲಾಲ ಬಜಾಜರಿಗೆ ಜೈಲಿನ ಜೊತೆಗೆ ದಂಡವೂ ಬಿತ್ತು. ಅವರು ಕಟ್ಟದಿದ್ದಾಗ ಕಾರು ಜಪ್ತಿ ಮಾಡಿ ಹರಾಜಿಗಿಟ್ಟರೆ ಇಡೀ ನಾಗಪುರದಲ್ಲಿ ಕೂಗುವವರೇ ಇರಲಿಲ್ಲವಂತೆ. ಕೊಳ್ಳುವವರನ್ನು ಹುಡುಕಿಕೊಂಡು ಕಾರು ದೂರದ ಕಾಠಿಯಾವಾಡಕ್ಕೆ ಹೋಯಿತೆಂದು ಹೇಳುತ್ತಾರೆ. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ಚಳವಳಿಯನ್ನು ದಡ ಮುಟ್ಟಿಸಿದರು. ಆಗಸ್ಟ್ 18ಕ್ಕೆ ಬಾವುಟ ಸಿವಿಲ್ ಲೈನ್ಸ್ ಹೊಕ್ಕಿತು.

ಹುಬ್ಬಳ್ಳಿಯವರು ಈ ಕತೆಯೊಳಗೆ ಬರುವುದು ಜೈಲಿನ ಬಾಗಿಲಿನಿಂದ. ಸೆರೆಸಿಕ್ಕವರಲ್ಲಿ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಡಾ. ನಾ.ಸು. ಹರ್ಡೀಕರರ ಹುಬ್ಬಳ್ಳಿ ಸೇವಾಮಂಡಳದವರು ಮಾತ್ರ ಒಲ್ಲೆವೆಂದು ಕೂತುಬಿಟ್ಟರು. ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕೆಯಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು ಬಂದವರು. ರೋಗಿಗೆ ಗುಳಿಗೆ ಕೊಡಬೇಕಾದ ಕೈಯಿಂದ ತರುಣರಿಗೆ ಕವಾಯತು ಕಲಿಸುತ್ತಿದ್ದರು. ಜೈಲಿನಲ್ಲಿ ಯಾರು ಗಟ್ಟಿ ಎಂಬ ಸುದ್ದಿ ಹೊರಗೆ ಬೇಗ ಹಬ್ಬುತ್ತದೆ. ಅದೇ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಹರ್ಡೀಕರರ ಮುಂದಾಳತ್ವದಲ್ಲಿ ಸ್ವಯಂಸೇವಕರ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅಹಿಂಸೆಯ ಪಕ್ಷಕ್ಕೆ ಎಡ-ಬಲ ಹೆಜ್ಜೆ ಯಾಕೆ ಎಂದು ಮೂಗು ಮುರಿದ ಹಿರಿಯರಿದ್ದರು. ತರುಣ ನೆಹರೂ ಬೆನ್ನಿಗೆ ನಿಂತರು.

ಈ ಮೆಟ್ರೊ ಸಾಲಿನಲ್ಲಿ ಹರ್ಡೀಕರರ ಹೆಸರಿನ ನಿಲ್ದಾಣವಿಲ್ಲ. ಅಳಿಯನಿಗೆ ಇದನ್ನೆಲ್ಲ ಹೇಳಿದೆ. "ನಮ್ಮ ಹುಬ್ಬಳ್ಳಿಯವರಾ? ಸಾಲ್ಯಾಗ ಯಾರೂ ಹೇಳಲೇ ಇಲ್ಲಲ್ರೀ" ಎಂದ. ಸ್ವಲ್ಪ ಹೊತ್ತು ಮೊಬೈಲು ಜೇಬಿನಲ್ಲೇ ಇತ್ತು. ಇವತ್ತಿನ ಲೆಕ್ಕದಲ್ಲಿ ಅದು ದೊಡ್ಡ ಗೌರವ.

ವೇದಿಕೆಯ ಮೇಲೆ ಮಾತಾಡಿದವರು ಚೌಕಗಳಾಗುತ್ತಾರೆ, ಸಾಲಾಗಿ ನಿಲ್ಲಲು ಕಲಿಸಿದವರು ಸಾಲಿನಲ್ಲೇ ಕರಗಿಹೋಗುತ್ತಾರೆ. ಅದಕ್ಕೆ ಬೋರ್ಡು ಬರೆಸಿದರೆ ಪರಿಹಾರವಾಗದು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಬೇಕು. ನಾಗಪುರಕ್ಕೆ ಹೋದರೆ ನೀವೂ ಸೀತಾಬರ್ಡಿಯಲ್ಲಿ ಇಳಿದು ಸಿವಿಲ್ ಲೈನ್ಸ್ ಕಡೆಗೆ ನಾಲ್ಕು ಹೆಜ್ಜೆ ಹಾಕಿ. ಕೈಯಲ್ಲಿ ಬಾವುಟ ಇದ್ದರೂ ಈಗ ಯಾರೂ ತಡೆಯುವುದಿಲ್ಲ. ಹೆಚ್ಚೆಂದರೆ ಆಟೊದವನೊಬ್ಬ ನಿಲ್ಲಿಸಿ, ಎಲ್ಲಿಗೆ ಹೋಗಬೇಕೆಂದು ಕೇಳುತ್ತಾನೆ.